ಒಳಗೆ ಹಸಿಯಾಗಿದ್ದ ಹಕ್ಕಿ

ಅಂತ್ಯಕ್ರಿಯೆ ಮುಗಿದು ಎಂಟು ದಿನಗಳಾದ ಮೇಲೆ ಆ ಮನೆಯಲ್ಲಿ ಒಂದು ಸಾಧಾರಣ ಬೆಳಗಾಯಿತು. ಅತ್ತೆ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಬಾಗಿಲ ಬಳಿ ಬೇರೆಯವರ ಚಪ್ಪಲಿಗಳಿರಲಿಲ್ಲ. ಅವಳು ಅಭ್ಯಾಸಬಲದಿಂದ ಎರಡು ಲೋಟ ಟೀ ಸೋಸಿದಳು. ಎರಡನೆಯದನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಅದನ್ನೂ ತಾನೇ ಕುಡಿದಳು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಗಂಡ ಅರ್ಧಕ್ಕೆ ಬಿಟ್ಟುಹೋದ ಕೆಲಸವಿತ್ತು. ಬೊಂಬೆಯಾಟದ ತಂಡಕ್ಕಾಗಿ ಮಾಡುತ್ತಿದ್ದ ಒಬ್ಬ ಮುದುಕನ ತಲೆ. ಮುದುಕನಿಗೆ ಒಂದೇ ಕಿವಿ. ಅವಳು ಮೇಲಿನ ಹಾಳೆ ಸರಿಸಿ ಕೆನ್ನೆಯನ್ನು ಮುಟ್ಟಿದಳು. ಮೆತ್ತಗೇ ಇತ್ತು. ಪಾಲಿಮರ್ ಕ್ಲೇ ಗಾಳಿಗೆ ಒಣಗುವ ಮಣ್ಣಲ್ಲ. ಓವನ್ ಒಲೆಯ ಹದವಾದ ಶಾಖ ತಾಗುವವರೆಗೆ ತಿಂಗಳಾದರೂ ಹಾಗೇ ಕಾಯುತ್ತದೆ.

ರಸಾಯನಶಾಸ್ತ್ರ ಓದಿದ ಅವಳಿಗೆ ಆ ಮನೆಯಲ್ಲಿ ಖಾಯಂ ಕೆಲಸವೊಂದಿತ್ತು: ಸಂಜೆ ಹೊತ್ತು ಕ್ಲೇ ನಾದಿಕೊಡುವುದು. "ನಿದ್ದೆಯಿಂದ ಎಬ್ಬಿಸಿಕೊಡು, ಸಾಕು," ಅನ್ನುತ್ತಿದ್ದ ಅವನು. ಮೆತ್ತನೆಯ ಬಗೆ ಮಕ್ಕಳಾಟಕ್ಕೆ, ಬೇಯಿಸಿದರೆ ಪಟ್ಟನೆ ಮುರಿಯುತ್ತದೆ. ಅವನು ಆರಿಸುತ್ತಿದ್ದುದು ಕೈ ನೋಯಿಸುವ ಗಟ್ಟಿ ಬಗೆಯನ್ನೇ.

ಬಾಗಿಲು ಸದ್ದಾಯಿತು. ಹೊರಗೆ ಇಬ್ಬರು ನಿಂತಿದ್ದರು. ಒಬ್ಬರು ವಸ್ತುಸಂಗ್ರಹಾಲಯದ ಮುಖ್ಯಸ್ಥರು, ಬಿಸಿಲಲ್ಲೂ ಕೋಟಿನ ಗುಂಡಿ ಬಿಚ್ಚದ ಮನುಷ್ಯ. ಇನ್ನೊಬ್ಬ ಅವರ ಸಹಾಯಕ. ಕಂಡ ಕಂಡ ವಸ್ತುವಿಗೆಲ್ಲ ಹೆಸರು ಬರೆದು ಚೀಟಿ ಅಂಟಿಸುತ್ತಿದ್ದುದರಿಂದ ಗಂಡ ಅವನನ್ನು 'ಚೀಟಿ ಸಾಹೇಬ' ಎಂದು ಛೇಡಿಸುತ್ತಿದ್ದ. ಗಂಡನೂ ಅವನೂ ಸ್ನೇಹಿತರಾಗಿದ್ದರು.

"ಇಂಥ ಹೊತ್ತಲ್ಲಿ ತೊಂದರೆ ಕೊಡಬಾರದಿತ್ತು," ಎಂದು ಮುಖ್ಯಸ್ಥರು ಶುರುಮಾಡಿ, ತೊಂದರೆ ಕೊಟ್ಟರು.

ಸಂಗ್ರಹಾಲಯದ ಹೆಮ್ಮೆ ಹೆಬ್ಬೆರಳುದ್ದದ ಒಂದು ದಂತದ ಹಕ್ಕಿ. ಮಕ್ಕಳು ಮುಟ್ಟಿ ನೋಡಲೆಂದು ಅದರ ನಕಲೊಂದನ್ನು ಅವಳ ಗಂಡ ಮಾಡಿಕೊಟ್ಟಿದ್ದ. ಹೊಟ್ಟೆಯಡಿ ನಕಲಿನ ಗುರುತು ಕೊರೆದ ಆ ಹಕ್ಕಿ ಮಕ್ಕಳ ಕೋಣೆಯಲ್ಲೇ ಇತ್ತು. ಆದರೆ ನಿನ್ನೆ ಗಾಜಿನ ಪೆಟ್ಟಿಗೆ ತೆರೆದು ಕಾವಲುಗಾರ ದೂಳು ಒರೆಸುವಾಗ ಅಸಲಿ ಹಕ್ಕಿಯ ಬಾಲ ಮುರಿದಿತ್ತು. ಒಳಗೆ ದಂತವಿರಲಿಲ್ಲ. ಕ್ಲೇ ಇತ್ತು.

"ನಿಮ್ಮವರು ಬಳಸಿದ್ದ ಅದೇ ಮಿಶ್ರಣ, ಅದೇ ಬಣ್ಣ. ಈ ಸಲ ಗುರುತು ಮಾತ್ರ ಇಲ್ಲ," ಅಂದರು ಮುಖ್ಯಸ್ಥರು. "ನಾಲ್ಕು ಗಂಟೆಗೆ ಪೊಲೀಸರು ಬರ್ತಾರೆ. ಅಷ್ಟರೊಳಗೆ ಅಸಲಿ ಸಿಕ್ಕರೆ ಇದು ಇಲ್ಲಿಗೇ ಮುಗಿಯುತ್ತೆ. ಇಲ್ಲದಿದ್ದರೆ ದೂರಿನಲ್ಲಿ ಅವರ ಹೆಸರು ಬರೆಯಲೇಬೇಕಾಗುತ್ತೆ."

ಅವಳು ಮುದುಕನ ತಲೆಯ ಮೇಲೆ ಹಾಳೆ ಹೊದಿಸಿದಳು.

"ಅತ್ತಿಗೆ," ಎಂದ ಸಹಾಯಕ ಮೆಲ್ಲಗೆ, "ಮೊದಲು ಕ್ಷಮಿಸಿ. ಅವತ್ತು ಅಂತ್ಯಕ್ರಿಯೆಗೆ ಬರೋಕಾಗಲಿಲ್ಲ. ಎಲ್ಲರೂ ಹೊರಟ್ರೆ ಮ್ಯೂಸಿಯಂ ನೋಡಿಕೊಳ್ಳೋರು ಬೇಕಲ್ಲ, ನಾನೇ ಉಳಿದೆ." ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟ. "ಇದು, ಅವನು ತಗೊಂಡಿರಬಹುದು, ನಿಮಗೆ ಗೊತ್ತಿಲ್ಲ ಅಂತ ಒಂದು ಪತ್ರ. ಇದಿದ್ದರೆ ಮನೆ ಜಾಲಾಡಲ್ಲ, ದೊಡ್ಡದಾಗಲ್ಲ. ಇನ್ನೊಂದು, ನಮ್ಮಲ್ಲಿ ಉಳಿದಿರೋ ಅವನ ಸಾಮಾನಿನ ಪಟ್ಟಿ. ಕತ್ತಿ, ಲಟ್ಟಣಿಗೆ, ಮಿಕ್ಕ ಕ್ಲೇ. ಎರಡಕ್ಕೂ ಸಹಿ ಹಾಕಿ. ಸಾಮಾನು ಸಂಜೆ ನಾನೇ ತಂದುಕೊಡ್ತೀನಿ."

ಅವಳು ಪೆನ್ನು ತೆಗೆದುಕೊಂಡಳು. ಯಾವುದಕ್ಕಾದರೂ ಸಹಿ ಹಾಕಿ ಬಾಗಿಲು ಹಾಕಿಕೊಂಡರೆ ಸಾಕಾಗಿತ್ತು.

"ಪೆನ್ನು ಕೆಳಗಿಡು ಮಗಳೇ."

ತೆರೆದ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಬೀದಿಗೆಲ್ಲ ಅವರು ದೊಡ್ಡಮ್ಮ. ಮೂವತ್ತು ವರ್ಷ ಬೇಕರಿ ನಡೆಸಿ, ಈಗ ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಆ ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲು, ಆಮೇಲೆ ಪೊಲೀಸ್ ಠಾಣೆ. ಕಳೆದ ವರ್ಷ ಗಡಿಯಾರದ ಅಂಗಡಿಯ ಕಳ್ಳನನ್ನು ಅವರು ಹಿಡಿದಾಗ ಬರೆದುಕೊಳ್ಳಲು ಜೊತೆಗಿದ್ದವಳು ಇವಳೇ.

"ನೀವು ಯಾರು?" ಎಂದರು ಮುಖ್ಯಸ್ಥರು.

"ಮೆಟ್ಟಿಲು ಹತ್ತಿ ಮಂಡಿ ನೋಯಿಸಿಕೊಂಡೋಳು. ಈ ಹುಡುಗಿ ಸಹಿ ಹಾಕೋದು ನಾಲ್ಕು ಗಂಟೆಗೆ. ಅದಕ್ಕೆ ಮುಂಚೆ ನಿಮ್ಮ ಹಕ್ಕೀನ ನಾನೊಮ್ಮೆ ನೋಡಬೇಕು."

ಅವರಿಬ್ಬರೂ ಇಳಿದು ಹೋದ ಮೇಲೆ ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಕೇಳಿದರು: "ಅವನು ನನ್ನ ಒಲೆಯ ಥರ್ಮಾಮೀಟರ್ ಒಯ್ದಿದ್ದ. ಎಲ್ಲಿದೆ?"

ಅವಳಿಗೆ ಗೊತ್ತಿರಲಿಲ್ಲ. ಅಲಮಾರಿಯ ಮೇಲೆ ಆಸ್ಪತ್ರೆಯವರು ಕೊಟ್ಟ ಚೀಲವಿತ್ತು. ಅದನ್ನು ಅವಳು ತೆರೆದಿರಲಿಲ್ಲ. ಕಳೆದ ತಿಂಗಳ ಇಪ್ಪತ್ತೊಂಬತ್ತರ ಸಂಜೆ ಅವನು "ಈಗ ಬಂದೆ" ಎಂದು ಹೇಳಿ ಇಳಿದವನು, ಮೊದಲ ಮಹಡಿಯ ತಿರುವಿನಲ್ಲಿ ಎದೆ ಹಿಡಿದುಕೊಂಡು ಕೂತಿದ್ದ. ಎಲ್ಲಿಗೆ ಹೊರಟಿದ್ದ ಎಂದು ಅವಳು ಕೇಳಿರಲಿಲ್ಲ.

"ತೆಗಿ," ಅಂದರು ದೊಡ್ಡಮ್ಮ. "ನಾನಿದ್ದೀನಿ."

ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಗಡಿಯಾರ, ಕನ್ನಡಕ, ಬಸ್ ಟಿಕೆಟ್ಟು. ಅಡಿಯಲ್ಲಿ ಕೊಕ್ಕೆಯಿದ್ದ ದುಂಡನೆಯ ಥರ್ಮಾಮೀಟರ್, ಅದಕ್ಕೆ ಸುತ್ತಿದ ಕಾಗದ. ಅವನ ಅಕ್ಷರ: 'ದೊಡ್ಡಮ್ಮನಿಗೆ. ಇವತ್ತೇ.'

ದೊಡ್ಡಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. "ನನ್ನ ಹತ್ತಿರವೇ ಬರ್ತಿದ್ದ ಹಾಗಾದ್ರೆ," ಎಂದರು. ಅವಳು ಅದನ್ನು ಚಾಚಿದಾಗ ತೆಗೆದುಕೊಳ್ಳಲಿಲ್ಲ. "ಈಗ ಬೇಡ. ನಿನ್ನ ಕೈಚೀಲದಲ್ಲಿಟ್ಟುಕೋ. ಕೆಲಸ ಇದೆ ಅದಕ್ಕೆ."

*

ಸಂಗ್ರಹಾಲಯದ ಗೇಟಿನಲ್ಲಿ ಕಾವಲುಗಾರ ಅವಳ ಕೈಚೀಲ ತೆರೆದು ನೋಡಿ, ಮುಖ ಸಣ್ಣಗೆ ಮಾಡಿಕೊಂಡ. "ತಪ್ಪು ತಿಳ್ಕೋಬೇಡಿ ಅಕ್ಕ. ಒಳಗೆ ಹೋಗೋರು, ಹೊರಗೆ ಬರೋರು, ಯಾರನ್ನೂ ಬಿಡಲ್ಲ ನಾನು. ದೊಡ್ಡ ಸಾಹೇಬರ ಜೇಬನ್ನೂ ನೋಡ್ತೀನಿ. ಅವರ ಸಹಿ ಇಲ್ಲದೆ ಗುಂಡುಸೂಜಿಯೂ ಆಚೆ ಹೋಗಲ್ಲ."

"ಎಷ್ಟು ವರ್ಷದಿಂದ?" ಕೇಳಿದರು ದೊಡ್ಡಮ್ಮ.

"ಹದಿನಾಲ್ಕು. ಎಲ್ಲರೂ ಬೈತಾರೆ."

"ಬೈಯಲಿ ಬಿಡು. ಒಳ್ಳೆ ಕೆಲಸ."

ಮುಖ್ಯಸ್ಥರ ಕೋಣೆಯಲ್ಲಿ ಮುರಿದ ಹಕ್ಕಿಯನ್ನು ಅವಳ ಅಂಗೈಗೆ ಕೊಟ್ಟರು. ರೆಕ್ಕೆಯ ಗೆರೆಗಳೆಲ್ಲ ತಪ್ಪಿಲ್ಲದೆ ಇದ್ದವು, ಬಣ್ಣ ಅವನದೇ. ನಿಜವಾಗಿ ಅವನೇ ಮಾಡಿದ್ದರೆ? ದೊಡ್ಡಮ್ಮ ಹಕ್ಕಿಯನ್ನು ತೆಗೆದುಕೊಂಡು, ಬಾಲ ಮುರಿದ ಜಾಗಕ್ಕೆ ಉಗುರು ಒತ್ತಿದರು. ಉಗುರಿನ ಗುರುತು ಬಿತ್ತು.

"ಹೊರಗೆ ಗಟ್ಟಿ, ಒಳಗೆ ಹಸಿ. ನನ್ನ ಅಂಗಡೀಲಿ ಇಂಥ ಬ್ರೆಡ್ಡನ್ನ ನಾಯಿಗೂ ಹಾಕ್ತಿರಲಿಲ್ಲ. ಮಗಳೇ, ಅವನು ಹೇಗೆ ಮಾಡ್ತಿದ್ದ, ಇವರಿಗೆ ಹೇಳು."

ಅವಳು ಹೇಳಿದಳು. ಮೊದಲು ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ಒಳಗಿಡುತ್ತಿದ್ದ, ಬಾಲಕ್ಕೆ ತಂತಿ. ಅದರ ಮೇಲೆ ತೆಳುವಾಗಿ ಕ್ಲೇ. ದಪ್ಪಗಿದ್ದರೆ ಒಳಗೆ ಬೇಯುವುದಿಲ್ಲ ಎಂದು. ನೂರ ಮೂವತ್ತು ಡಿಗ್ರಿ, ಥರ್ಮಾಮೀಟರ್ ನೋಡಿಕೊಂಡು. ಹದವಾಗಿ ಬೆಂದ ತೆಳು ಬಾಲ ಬಾಗುತ್ತದೆ, ಮುರಿಯುವುದಿಲ್ಲ.

"ಅವಸರದಲ್ಲಿ ಮಾಡಿರಬಹುದಲ್ಲ?" ಅಂದರು ಮುಖ್ಯಸ್ಥರು. "ಕಳ್ಳತನದ ಕೆಲಸಕ್ಕೆ ಯಾರು ಹದ ನೋಡ್ತಾರೆ?"

ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಿತ್ತು.

"ಅಚ್ಚು ಏನಾದರೂ ಇದೆಯಾ?" ಕೇಳಿದರು ದೊಡ್ಡಮ್ಮ.

"ಅಳತೆಗೆ ಅಂತ ಅಸಲಿಯಿಂದಲೇ ತೆಗೆದ ರಬ್ಬರಿನ ಅಚ್ಚು ಇದೆ. ಅದು ಮ್ಯೂಸಿಯಂ ಬಿಟ್ಟು ಹೋಗೋ ಹಾಗಿಲ್ಲ. ಬೀರುವಿನಲ್ಲಿದೆ. ಬೀರು, ಗಾಜಿನ ಪೆಟ್ಟಿಗೆ, ಎರಡರ ಕೀಲಿಯೂ ನನ್ನ ಹತ್ತಿರ ಒಂದು, ಸಹಾಯಕರ ಹತ್ತಿರ ಒಂದು. ಅವರೂ ಬೀರು ತೆರೆದು ಇವರ ಯಜಮಾನರಿಗೆ ಕೊಡ್ತಿದ್ದರು."

ಹಕ್ಕಿಯಿದ್ದ ಗಾಜಿನ ಪೆಟ್ಟಿಗೆಯ ಮುಂದೆ ದೊಡ್ಡಮ್ಮ ಬಗ್ಗಿ ನಿಂತರು. ತಳಕ್ಕೆ ಹಾಸಿದ ದಪ್ಪ ಬಿಳಿ ಕಾಗದದ ನಡುವೆ ಎಣ್ಣೆ ಜಿನುಗಿದಂತೆ ಒಂದು ಕಲೆ ಇತ್ತು, ಹಕ್ಕಿಯ ಆಕಾರದ್ದೇ.

"ಈ ಕಾಗದ ಯಾವಾಗ ಹಾಕಿದ್ದು?"

"ತಿಂಗಳ ಒಂದನೇ ತಾರೀಖು ಬದಲಾಯಿಸೋದು. ಪೆಟ್ಟಿಗೆ ತೆರೆದಾಗೆಲ್ಲ ಪುಸ್ತಕದಲ್ಲಿ ಬರೀತೀವಿ. ಈ ತಿಂಗಳು ಒಂದನೇ ತಾರೀಖು ಒಮ್ಮೆ, ನಿನ್ನೆ ಎಂಟಕ್ಕೆ ಒಮ್ಮೆ. ನಿನ್ನೆ ನಾನೇ ಎದುರಿಗಿದ್ದೆ," ಎಂದರು ಮುಖ್ಯಸ್ಥರು.

"ಹಳೆ ಕಾಗದ ಏನಾಯ್ತು?"

"ಎಸೆದಿರ್ತಾರೆ," ಅಂದ ಸಹಾಯಕ.

"ಎಸೆದಿಲ್ಲ ಸಾರ್," ಎಂದ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ, ತಪ್ಪು ಮಾಡಿದವನಂತೆ. "ಒಳ್ಳೆ ಕಾಗದ, ಮನಸ್ಸು ಬರಲಿಲ್ಲ. ಬುಟ್ಟೀಲಿತ್ತು. ಹಿಂದಿನ ಮಗ್ಗುಲಲ್ಲಿ ಗೇಟಿಗೆ ಬಂದೋರ ಹೆಸರು ಬರೀತಿದ್ದೀನಿ."

"ಜೋಪಾನವಾಗಿಡು," ಅಂದರು ದೊಡ್ಡಮ್ಮ.

ಸಹಾಯಕನ ಮೇಜಿನ ಮೇಲೆ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಗಳು ಸಾಲಾಗಿದ್ದವು. ಒಂದರಲ್ಲಿ ನಾಣ್ಯ, ಒಂದರಲ್ಲಿ ಮಣಿ, ಎಲ್ಲಕ್ಕೂ ಚೀಟಿ. ಪಕ್ಕದಲ್ಲಿ ಗಂಡನ ಸಾಮಾನು ಕಟ್ಟಿಟ್ಟಿತ್ತು. ಅದರ ಮೇಲೊಂದು ಡಬ್ಬಿ, ಅದರಲ್ಲಿ ಮುಷ್ಟಿ ಗಾತ್ರದ ಕೆನೆಬಣ್ಣದ ಉಂಡೆ. ಚೀಟಿ: 'ದುರಸ್ತಿಗೆ ಉಳಿದ ಕ್ಲೇ.'

"ಈ ಪಟ್ಟಿಗೆ ಸಹಿ ಹಾಕಿ ಅಂತ ಮೂರನೇ ತಾರೀಖಿನಿಂದ ನನ್ನ ಬೆನ್ನು ಹತ್ತಿದ್ದಾರೆ ಇವರು," ಎಂದರು ಮುಖ್ಯಸ್ಥರು, ಸಹಾಯಕನ ಕಡೆ ತಲೆಯಾಡಿಸಿ. "ಸ್ನೇಹಿತನ ವಸ್ತುಗಳು ಮನೆ ಸೇರಲಿ ಅಂತ."

ಅವಳು ಆ ಡಬ್ಬಿಯನ್ನೇ ನೋಡುತ್ತಿದ್ದಳು. ಅದರ ತಳ ಮಬ್ಬಾಗಿ ಸೊಟ್ಟಗಾಗಿತ್ತು. ಮದುವೆಯಾದ ಹೊಸತರಲ್ಲಿ ತನ್ನ ಗುಂಡಿಗಳ ಡಬ್ಬಿಯಲ್ಲಿ ಕ್ಲೇ ಇಟ್ಟು, ವಾರ ಕಳೆದು ತೆಗೆಯಲು ಹೋದರೆ ಡಬ್ಬಿಯೇ ಕರಗಿ ಅಂಟಿಕೊಂಡಿತ್ತು. "ಓದಿದ ರಸಾಯನಶಾಸ್ತ್ರ ಎಲ್ಲಿಗೆ ಹೋಯ್ತು ಮೇಡಂ?" ಎಂದು ಅವನು ದಿನವಿಡೀ ನಕ್ಕಿದ್ದ. ಅವನು ಕ್ಲೇಯನ್ನು ಅಲ್ಯುಮಿನಿಯಂ ಹಾಳೆಯಲ್ಲಲ್ಲದೆ ಬೇರೆಲ್ಲೂ ಇಡುತ್ತಿರಲಿಲ್ಲ.

ಅವಳು ದೊಡ್ಡಮ್ಮನ ಕಿವಿಯಲ್ಲಿ ಇಷ್ಟನ್ನು ಹೇಳಿದಳು. ದೊಡ್ಡಮ್ಮ "ಹೂಂ" ಎಂದು, "ಇಲ್ಲಿ ಟೀ ಎಲ್ಲಿ ಕಾಯಿಸ್ತಾರೆ?" ಎಂದು ಕೇಳಿದರು.

*

ಮೂರೂವರೆಗೆ ಎಲ್ಲರೂ ಮುಖ್ಯಸ್ಥರ ಕೋಣೆಯಲ್ಲಿ ಸೇರಿದರು. ದೊಡ್ಡಮ್ಮ ಕೂತಿದ್ದರು, ಮಿಕ್ಕವರೆಲ್ಲ ನಿಂತಿದ್ದರು. ಮೇಜಿನ ಮೇಲೆ ಎರಡು ಕಾಗದ, ಮುರಿದ ಹಕ್ಕಿ, ಥರ್ಮಾಮೀಟರ್ ಮತ್ತು ಗಂಡನ ಸಾಮಾನು.

"ನಾನು ಓದಿದೋಳಲ್ಲ," ಎಂದು ಶುರುಮಾಡಿದರು ದೊಡ್ಡಮ್ಮ. "ಹಿಟ್ಟು ಬೆಂದಿದೆಯೋ ಇಲ್ಲವೋ ಅನ್ನೋದಷ್ಟೇ ಗೊತ್ತು. ಈ ಹಕ್ಕಿ ಬೆಂದಿಲ್ಲ. ಬೇಯದ ಕ್ಲೇ ಏನು ಮಾಡುತ್ತೆ, ಮಗಳೇ?"

"ಅದರಲ್ಲಿ ಎಣ್ಣೆಯಂಥ ದ್ರವ ಇರುತ್ತೆ," ಎಂದಳು ಅವಳು. ತನ್ನ ದನಿ ಇಷ್ಟು ಸ್ಥಿರವಾಗಿರುವುದು ಅವಳಿಗೇ ಆಶ್ಚರ್ಯವಾಯಿತು. "ಸರಿಯಾಗಿ ಬೆಂದರೆ ಒಳಗೇ ಸೇರಿ ಗಟ್ಟಿಯಾಗುತ್ತೆ. ಇಲ್ಲದಿದ್ದರೆ ಅಡಿಯಲ್ಲಿರೋ ಕಾಗದಕ್ಕೆ ಇಳಿಯುತ್ತೆ."

"ಈ ತಿಂಗಳ ಕಾಗದಕ್ಕೆ ಇಳಿದಿದೆ, ನೋಡಿ. ಈಗ ಹಳೇದು." ದೊಡ್ಡಮ್ಮ ಕಾವಲುಗಾರನ ಕಾಗದವನ್ನು ಮಗುಚಿದರು. ಹಳದಿಗಟ್ಟಿದ ಹಾಳೆಯ ನಡುವೆ ಹಕ್ಕಿ ಕೂತಿದ್ದಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಎಣ್ಣೆಯ ಸುಳಿವೇ ಇಲ್ಲ. "ಒಂದು ತಿಂಗಳು ಕೂತರೂ ಕಲೆ ಇಲ್ಲ. ಅಂದ್ರೆ ಇದರ ಮೇಲೆ ಕೂತಿದ್ದು ದಂತ. ಹಿಂದಿನ ಮಗ್ಗುಲಲ್ಲಿ ಮೊದಲ ಹೆಸರು ಎರಡನೇ ತಾರೀಖಿನದು. ಒಂದರಂದು ಇದನ್ನ ತೆಗೆಯೋವರೆಗೂ ನಿಮ್ಮ ಅಸಲಿ ಹಕ್ಕಿ ಪೆಟ್ಟಿಗೆಯಲ್ಲೇ ಇತ್ತು ಸಾಹೇಬರೇ. ಇವಳ ಗಂಡ ಹೋಗಿದ್ದು ಇಪ್ಪತ್ತೊಂಬತ್ತಕ್ಕೆ."

ಮುಖ್ಯಸ್ಥರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು.

"ಆದರೆ..." ಎಂದ ಸಹಾಯಕ. "ನಕಲನ್ನ ಅವನು ಮೊದಲೇ ಮಾಡಿ ಯಾರಿಗಾದರೂ ಕೊಟ್ಟಿರಬಹುದು."

"ಮಾಡಿದ್ದರೆ ಹಸಿ ಬಿಡ್ತಿರಲಿಲ್ಲ. ಹೊಟ್ಟೆಯ ಕೆಳಗೆ ಗೆರೆ ನೋಡಿ, ಅಚ್ಚಿನ ಎರಡು ಅರ್ಧ ಸೇರಿದ್ದು. ಒಳಗೆ ಹಾಳೆ ಇಲ್ಲ, ತಂತಿ ಇಲ್ಲ, ಇಡೀ ಕ್ಲೇಯನ್ನ ತುಂಬಿ ಒತ್ತಿದ್ದಾರೆ. ಇದು ಕೆತ್ತೋನ ಕೈಯಲ್ಲ. ಬೇಯಿಸೋದನ್ನ ನೋಡಿದ್ದು ಮಾತ್ರ, ತಾನು ಮಾಡಿರದೋನ ಕೈ. ನೂರ ಮೂವತ್ತು ಅನ್ನೋದು ಮಾತ್ರ ಅವನ ಕಿವಿಗೆ ಬಿದ್ದಿತ್ತು." ದೊಡ್ಡಮ್ಮ ಕಾವಲುಗಾರನ ಕಡೆ ತಿರುಗಿದರು. "ನಿಮ್ಮ ಟೀ ಕೋಣೆಯ ಓವನ್ ಒಲೆ ಹೇಗಪ್ಪಾ?"

"ಅದಾ? ನೂರ ಮೂವತ್ತಕ್ಕಿಟ್ರೆ ಬನ್ನಿಗೆ ಬೆವರೂ ಬರಲ್ಲ. ನಾವು ಕೊನೇವರೆಗೂ ತಿರುಗಿಸ್ತೀವಿ."

"ಮಧ್ಯಾಹ್ನ ಇದನ್ನ ಒಳಗಿಟ್ಟು ನೋಡಿದ್ವಿ." ಅವರು ಥರ್ಮಾಮೀಟರನ್ನು ಬೆರಳಿನಿಂದ ತಟ್ಟಿದರು. "ಒಲೆಯ ಗುಂಡಿ ನೂರ ಮೂವತ್ತು ಅನ್ನುತ್ತೆ. ಒಳಗಿರೋದು ತೊಂಬತ್ತೈದು. ಒಲೆಗಳು ಸುಳ್ಳು ಹೇಳ್ತವೆ. ಇವಳ ಗಂಡನಿಗೆ ಅದು ಗೊತ್ತಿತ್ತು, ಅದಕ್ಕೇ ನನ್ನಿಂದ ಇದನ್ನ ಇಸಕೊಂಡಿದ್ದ. ಹಕ್ಕಿ ಬೆಂದ ದಿನ ಇದು ಆಸ್ಪತ್ರೆಯ ಚೀಲದಲ್ಲಿತ್ತು."

ದೊಡ್ಡಮ್ಮ ಬೆರಳು ಮಡಿಸುತ್ತ ಎಣಿಸಿದರು.

"ಒಂದನೇ ತಾರೀಖು ಅಂತ್ಯಕ್ರಿಯೆ. ಸಾಹೇಬರು ಬೆಳಿಗ್ಗೆಯಿಂದ ನಮ್ಮ ಜೊತೆಗಿದ್ರು. ಕಾವಲುಗಾರ ಗೇಟಿಗೆ ಬೀಗ ಜಡಿದು ಬಂದು, ಸಂಜೆವರೆಗೂ ಕುರ್ಚಿ ಹೊತ್ತ. ಅವತ್ತು ಇಡೀ ಮ್ಯೂಸಿಯಮ್ಮಿನಲ್ಲಿ ಅಚ್ಚಿನ ಕೀಲಿ, ಪೆಟ್ಟಿಗೆಯ ಕೀಲಿ, ಖಾಲಿ ಟೀ ಕೋಣೆ, ಇವೆಲ್ಲ ಇದ್ದದ್ದು ಒಬ್ಬನಿಗೆ. ಅವನ ಸ್ನೇಹಿತನಿಗೆ."

ಸಹಾಯಕ ನಕ್ಕ. ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ಅಸಲಿ ಎಲ್ಲಿ? ಅಂದಿನಿಂದ ದಿನಾ ನನ್ನ ಜೇಬು ನೋಡಿದ್ದಾರೆ. ನಿನ್ನೆ ಸಾಹೇಬರೇ ಬಂದು ನಮ್ಮೆಲ್ಲರ ಮನೇನೂ ನೋಡಿದ್ರು. ಎಲ್ಲಿಟ್ಟಿದ್ದೀನಿ, ಹೇಳಿ?"

"ಗೇಟಿನವನು ಗುಂಡುಸೂಜಿಯನ್ನೂ ಬಿಡಲ್ಲ. ಸಾಹೇಬರ ಸಹಿ ಇರೋ ಸಾಮಾನನ್ನ ಬಿಡ್ತಾನೆ." ದೊಡ್ಡಮ್ಮ ಅವಳ ಕಡೆ ನೋಡಿದರು. "ಮಗಳೇ, ಆ ಡಬ್ಬಿ ತಗೋ. ಕ್ಲೇಯನ್ನ ನಾದು."

"ಮುಟ್ಟಬೇಡಿ!" ಸಹಾಯಕ ಮುಂದೆ ಬಂದ. "ಅದು ಸಾಕ್ಷ್ಯ. ಪೊಲೀಸರು ಬರಲಿ."

ಕಾವಲುಗಾರ ನಡುವೆ ಬಂದು ನಿಂತ.

ಅವಳು ಮುಚ್ಚಳ ತೆಗೆದಳು. ಉಂಡೆ ತಳಕ್ಕೆ ಕಚ್ಚಿಕೊಂಡಿತ್ತು, ಎಳೆದಾಗ ಕರಗಿದ ಪ್ಲಾಸ್ಟಿಕ್ಕಿನ ಎಳೆಗಳೊಂದಿಗೆ ಬಂತು. ಎಲ್ಲವನ್ನೂ ಡಬ್ಬಿಗೆ ಹಾಕಿ ಚೀಟಿ ಅಂಟಿಸುವವನು ಇದನ್ನೂ ಹಾಗೇ ಮಾಡಿದ್ದ. ಅವಳು ಅಂಗೈಯ ಬುಡದಿಂದ ಒತ್ತಿದಳು. ಹೊರಗೆ ತಣ್ಣಗೆ, ಗಟ್ಟಿಯಾಗಿತ್ತು. ಎರಡನೇ ಸಲ ಒತ್ತಿದಾಗ ಬೆಚ್ಚಗಾಯಿತು. ಎಷ್ಟೋ ಸಂಜೆಗಳ ಕೈ ಅದು, ಕೇಳದೆಯೇ ಮಡಿಸಿತು, ತಿರುಗಿಸಿತು, ಒತ್ತಿತು. ಐದನೆಯ ಸಲಕ್ಕೆ ಹೆಬ್ಬೆರಳಿಗೆ ಏನೋ ಗಟ್ಟಿ ತಗುಲಿತು.

ಉಂಡೆಯನ್ನು ಸೀಳಿದಳು. ಒಳಗೆ ಅಲ್ಯುಮಿನಿಯಂ ಹಾಳೆಯ ಸಣ್ಣ ಪೊಟ್ಟಣ. ಕ್ಲೇಯಿಂದ ಬಿಚ್ಚಿದ ಹಾಳೆಯೇ ಇರಬೇಕು, ಗಂಡ ಸುತ್ತಿಟ್ಟಿದ್ದ ಹಾಳೆ. ಬಿಡಿಸಿದಾಗ ದಂತದ ಹಕ್ಕಿ ಮೇಜಿನ ಮೇಲೆ ಉರುಳಿತು.

ಮುಖ್ಯಸ್ಥರು ಕುರ್ಚಿ ಹುಡುಕಿಕೊಂಡು ಕೂತರು.

"ಮುಂದಿನ ತಿಂಗಳು ಅದನ್ನ ದೊಡ್ಡ ಮ್ಯೂಸಿಯಮ್ಮಿಗೆ ಕಳಿಸ್ತಿದ್ರಿ," ಎಂದ ಸಹಾಯಕ ನೆಲ ನೋಡುತ್ತ. "ಇಪ್ಪತ್ತು ವರ್ಷ ನೋಡಿಕೊಂಡೋನು ನಾನು. ಒಂದು ಮಾತು ಕೇಳಲಿಲ್ಲ ನನ್ನ. ಅವನ ಮೇಲೆ ಹಾಕಬೇಕು ಅಂತ ಇರಲಿಲ್ಲ ಅತ್ತಿಗೆ, ಆಣೆ. ಬಾಲ ಮುರೀತು, ಎಲ್ಲರೂ ಅವನ ಹೆಸರೇ ಹೇಳಿದ್ರು. ಸತ್ತವನಿಗೆ ಏನು ನಷ್ಟ ಅಂದುಕೊಂಡೆ."

ಅವಳು ಕೈಗೆ ಅಂಟಿದ ಕ್ಲೇಯನ್ನು ಬೆರಳು ಬೆರಳಾಗಿ ತೆಗೆದಳು.

"ಅವನ ಕೆಲಸ ಒಳಗೆ ಹಸಿ ಇರುತ್ತೆ ಅಂತ ಜನ ನಂಬ್ತಿದ್ರು," ಎಂದಳು.

ಹೊರಗೆ ಜೀಪು ನಿಂತ ಸದ್ದಾಯಿತು. ಸರಿಯಾಗಿ ನಾಲ್ಕು. ಮುಖ್ಯಸ್ಥರು ಸಹಿಯಿಲ್ಲದ ಪತ್ರವನ್ನು ನಾಲ್ಕು ಚೂರು ಮಾಡಿದರು. ಎದ್ದು ಅವಳಿಗೆ ಬಾಗಿಲು ತೆರೆದು ಹಿಡಿದರು.

*

ಮೆಟ್ಟಿಲ ಬುಡದಲ್ಲಿ ದೊಡ್ಡಮ್ಮ ತಮ್ಮ ಬಾಗಿಲು ತೆರೆದು ಒಳಗೆ ಹೋದರು. ಅವಳು ಮೇಲೆ ಹೋಗಿ, ಥರ್ಮಾಮೀಟರನ್ನು ತೊಳೆದು, ಬಟ್ಟೆಯಲ್ಲಿ ಒರೆಸಿದಳು. ಅವನ ಕಾಗದವನ್ನು ಅದಕ್ಕೆ ಮತ್ತೆ ಸುತ್ತಿದಳು. ಇಳಿಯುವಾಗ ಮೊದಲ ಮಹಡಿಯ ತಿರುವಿನಲ್ಲಿ ಒಂದು ಗಳಿಗೆ ನಿಂತಳು. ಅಲ್ಲಿಂದ ಕೆಳಗಿನ ಬಾಗಿಲಿಗೆ ಹದಿನೆಂಟು ಮೆಟ್ಟಿಲು. ಎಣಿಸುತ್ತ ಇಳಿದಳು.

ದೊಡ್ಡಮ್ಮ ಅದನ್ನು ತೆಗೆದುಕೊಂಡು ಕಾಗದವನ್ನು ಓದಿದರು. ಒಲೆಯ ಪಕ್ಕದ ಖಾಲಿ ಮೊಳೆಗೆ ನೇತುಹಾಕಿದರು. ಆಮೇಲೆ, ಅವನು ಏನು ವಾಪಸು ತಂದರೂ ಕೇಳುತ್ತಿದ್ದ ಮಾತನ್ನೇ ಕೇಳಿದರು.

"ಕೆಲಸ ಮುಗೀತಾ?"

"ಇಲ್ಲ ದೊಡ್ಡಮ್ಮ," ಎಂದಳು. ಕಣ್ಣು ತುಂಬಿ ಮೊಳೆಯೂ ಥರ್ಮಾಮೀಟರೂ ಕಲಸಿಹೋದವು. "ಮುದುಕನಿಗೆ ಇನ್ನೊಂದು ಕಿವಿ ಆಗಬೇಕು. ನಾಳೆ ಇದನ್ನ ಮತ್ತೆ ಕೇಳ್ತೀನಿ."